ಮನವೊಲಿಸುವ ಭಾಷಣ: ಅದನ್ನು ಯೋಜಿಸುವ ಬಗೆ

ಭಾಷಣ ಮುಗಿದೊಡನೆ ಸಭೆಯು ಚಪ್ಪಾಳೆ ತಟ್ಟಿದರೆ ಭಾಷಣವು ಫಲಿಸಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಿ ನೋಡೋಣ.

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ, ಇಂಡಿಯ ಸೀಮೆಯಲ್ಲಿ, ಝಳಕಿ ಎಂಬ ಊರಿದೆ. ಅಲ್ಲಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ತರಗತಿಯ ಭಾಷಣಕ್ಕಾಗಿ ‘ನೀರಿನ ಮಹತ್ವ’ ಎಂಬ ವಿಷಯವನ್ನು ಆರಿಸಿಕೊಂಡಳು. ಬೇಸಿಗೆಯಲ್ಲಿ ಕೊಡಗಳನ್ನು ಸಾಲಿನಲ್ಲಿಟ್ಟು ಟ್ಯಾಂಕರಿನ ಹಾದಿ ಕಾಯುತ್ತ ನಿಂತು, ಬೆಳಗಿನ ಮೊದಲ ಪಾಠಕ್ಕೆ ತಡವಾಗಿ ಬಂದ ಅನುಭವವು ಅವಳಿಗಿತ್ತು. ಮಾತಿನಲ್ಲಿ ಕಳಕಳಿಯಿತ್ತು, ಭಾಷೆ ಶುದ್ಧವಾಗಿತ್ತು. ಸಭೆಯು ಚೆನ್ನಾಗಿ ಚಪ್ಪಾಳೆ ತಟ್ಟಿತು. ಮರುದಿನ ಅವಳು ನನ್ನ ಬಳಿಗೆ ಬಂದು, “ಸರ್, ಎಲ್ಲಾರೂ ಚಪ್ಪಾಳಿ ಹೊಡದ್ರು, ಆದ್ರ ಯಾರೂ ಏನೂ ಮಾಡ್ಲಿಲ್ರಿ,” ಎಂದಳು.

ಈ ದೋಷದಲ್ಲಿ ನನ್ನ ಪಾಲೂ ಇತ್ತು. ಅವಳ ಕರಡನ್ನು ಓದಿ ‘ಚೆನ್ನಾಗಿದೆ’ ಎಂದವನು ನಾನೇ. ಕಟ್ಟಡವನ್ನು ಕಟ್ಟುವ ಮೊದಲು ನಕ್ಷೆಯನ್ನು ಬರೆಯುವಂತೆ, ಪ್ರಯೋಗವನ್ನು ಮಾಡುವ ಮೊದಲು ಅದರ ಉದ್ದೇಶವನ್ನು ಬರೆಯುವಂತೆ, ಭಾಷಣಕ್ಕೂ ಒಂದು ರೂಪರೇಖೆ ಬೇಕು. ಅದನ್ನು ಹಾಕುವುದು ಹೇಗೆಂಬುದನ್ನು ಇದೇ ಭಾಷಣವನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ.

ಕೊನೆಯಿಂದ ಆರಂಭ

‘ನೀರು ಅಮೂಲ್ಯವಾದುದು’ ಎಂಬ ಮಾತನ್ನು ಅಲ್ಲಗಳೆಯುವವರು ಯಾರು? ಯಾರೂ ಇಲ್ಲ. ವಿರೋಧವೇ ಇಲ್ಲದ ಕಡೆ ಒಲಿಸುವ ಪ್ರಶ್ನೆಯೂ ಏಳುವುದಿಲ್ಲ. ಅಂತಹ ಭಾಷಣವು ತಿಳಿವಳಿಕೆಯನ್ನು ಕೊಡಬಹುದು, ಮನಸ್ಸನ್ನು ತಣಿಸಬಹುದು. ಆದರೆ ಕೇಳುವವನು ಸಭೆಗೆ ಬಂದಾಗ ಇದ್ದಂತೆಯೇ ಎದ್ದುಹೋಗುವನು. ಅವಳ ಮೊದಲ ಭಾಷಣದ ಕೊನೆಯಲ್ಲಿ ‘ಸರಕಾರವು ಕ್ರಮ ಕೈಕೊಳ್ಳಬೇಕು’ ಎಂಬ ಮಾತಿತ್ತು. ಆದರೆ ಎದುರಿಗೆ ಕುಳಿತಿದ್ದವರು ಸರಕಾರವಲ್ಲ, ಅರವತ್ತು ಜನ ಸಹಪಾಠಿಗಳು.

ಆದುದರಿಂದ ಯೋಜನೆಯ ಮೊದಲ ನಿಯಮ ಇದು: ಭಾಷಣ ಮುಗಿದ ಮೇಲೆ ಈ ಶ್ರೋತೃಗಳು ಏನು ಮಾಡಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ಕೆಲಸವು ಅವರ ಕೈಯಲ್ಲಿ ಆಗುವಂಥದಿರಬೇಕು. ‘ಬೇಡ’ ಎನ್ನಲೂ ಅವರಿಗೆ ಆಸ್ಪದವಿರಬೇಕು. ನಾವಿಬ್ಬರೂ ಕುಳಿತು ಬಹಳ ಹೊತ್ತು ಚರ್ಚಿಸಿದ ಮೇಲೆ ಈ ವಾಕ್ಯವು ಸಿದ್ಧವಾಯಿತು: ‘ನಮ್ಮ ಪ್ರಯೋಗಶಾಲೆಯ ಮಾಳಿಗೆಯ ಮಳೆನೀರನ್ನು ಹಿಡಿಯಲು ತೊಟ್ಟಿ ಕಟ್ಟಿಸಬೇಕೆಂಬ ಮನವಿಗೆ ಸಹಿ ಮಾಡಿರಿ, ಮಾಳಿಗೆಯನ್ನು ಅಳೆಯಲು ಶನಿವಾರ ಒಂದು ತಾಸು ಬನ್ನಿರಿ.’ ನೀರಿನ ಮಹತ್ವವು ಒಂದು ಸಹಿಗೂ ಒಂದು ತಾಸಿಗೂ ಇಳಿಯಿತೆಂದು ತೋರಬಹುದು. ಆದರೆ ಭಾಷಣಕ್ಕೆ ಈಗ ಒಂದು ಗುರಿ ದೊರೆಯಿತು.

ಲಂಡನ್ನಿನ ಒಂದು ನೀರಿನ ಪಂಪು

ಈ ನಿಯಮದ ಬಲವನ್ನು ತೋರಿಸುವ ಪ್ರಸಂಗವೊಂದು ವಿಜ್ಞಾನದ ಇತಿಹಾಸದಲ್ಲಿದೆ. ೧೮೫೪ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಭಾಗದಲ್ಲಿ ಕಾಲರಾ ಬೇನೆ ಹಬ್ಬಿ, ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಕೆಟ್ಟ ಗಾಳಿಯಿಂದ ಈ ಬೇನೆ ಬರುವುದೆಂಬುದು ಆಗಿನ ಬಹುಮಂದಿ ವೈದ್ಯರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನು ಮಾತ್ರ ಕುಡಿಯುವ ನೀರೇ ಕಾರಣವೆಂದು ತರ್ಕಿಸಿದನು. ಸತ್ತವರ ಪಟ್ಟಿಯನ್ನು ಪಡೆದು ಮನೆಮನೆಗೆ ಹೋಗಿ ವಿಚಾರಿಸಲಾಗಿ, ಮೃತರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಪಂಪಿನ ಸಮೀಪದವರೆಂಬುದು ಕಂಡುಬಂದಿತು.

ಸೆಪ್ಟೆಂಬರ್ ೭ರಂದು ಅವನು ಆ ಭಾಗದ ಆಡಳಿತ ಮಂಡಲಿಯ ಮುಂದೆ ಹೋದನು. ‘ಗಾಳಿಯ ಸಿದ್ಧಾಂತವನ್ನು ಬಿಟ್ಟುಬಿಡಿರಿ’ ಎಂದು ಅವನು ಹಟ ಹಿಡಿದಿದ್ದರೆ ಚರ್ಚೆಯು ವರ್ಷಗಟ್ಟಲೆ ನಡೆಯುತ್ತಿತ್ತು. ಅವನು ಕೇಳಿದುದು ಸಣ್ಣದು: ಆ ಪಂಪಿನ ಹಿಡಿಯನ್ನು ತೆಗೆಸಿರಿ. ಮರುದಿನವೇ ಹಿಡಿಯನ್ನು ತೆಗೆಯಲಾಯಿತು. ಅವನ ಸಿದ್ಧಾಂತವು ಎಲ್ಲರಿಗೂ ಒಪ್ಪಿಗೆಯಾಗಲು ಇನ್ನೂ ಬಹುಕಾಲ ಹಿಡಿಯಿತು. ೧೮೫೮ರಲ್ಲಿ ಅವನು ತೀರಿಕೊಂಡಾಗಲೂ ಅದು ಸರ್ವಮಾನ್ಯವಾಗಿರಲಿಲ್ಲ.

ಸ್ನೋನಿಂದ ಕಲಿಯತಕ್ಕ ಇನ್ನೊಂದು ಪಾಠವಿದೆ. ತನ್ನ ವಾದಕ್ಕೆ ಹೊಂದದಂತೆ ಕಾಣುವ ಸಂಗತಿಗಳನ್ನು ಅವನು ಮುಚ್ಚಿಡಲಿಲ್ಲ. ಪಂಪಿನ ಬಳಿಯಲ್ಲಿಯೇ ಇದ್ದ ಬಿಯರ್ ಕಾರಖಾನೆಯ ಕೆಲಸಗಾರರು ಬೇನೆಗೆ ಬಲಿಯಾಗಲಿಲ್ಲ, ಏಕೆ? ಅವರು ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ. ಕಾರಖಾನೆಗೆ ಸ್ವಂತ ಬಾವಿಯಿತ್ತು. ದೂರದ ಹ್ಯಾಂಪ್‌ಸ್ಟೆಡ್ಡಿನಲ್ಲಿದ್ದ ವಿಧವೆಯೊಬ್ಬಳು ಸತ್ತಳು, ಏಕೆ? ರುಚಿಗಾಗಿ ಅವಳು ಇದೇ ಪಂಪಿನ ನೀರನ್ನು ತರಿಸಿಕೊಳ್ಳುತ್ತಿದ್ದಳು. ಬೇನೆಯ ಉಬ್ಬರವು ಹಿಡಿಯನ್ನು ತೆಗೆಯುವ ಮೊದಲೇ ಇಳಿಯತೊಡಗಿತ್ತೆಂಬುದನ್ನೂ ಅವನು ಒಪ್ಪಿಕೊಂಡನು. ವಿರುದ್ಧವೆಂದು ಕಂಡ ಸಂಗತಿಯನ್ನು ತಾನೇ ಎತ್ತಿ ವಿವರಿಸುವವನ ಮಾತಿಗೆ ತೂಕ ಹೆಚ್ಚು.

ಐದು ಅವಯವಗಳು

ಈಗ ಭಾಷಣದ ಒಡಲನ್ನು ಕಟ್ಟಬೇಕು. ಇದಕ್ಕೆ ನಮ್ಮ ನ್ಯಾಯಶಾಸ್ತ್ರದಲ್ಲಿಯೇ ಒಂದು ಚೊಕ್ಕ ಚೌಕಟ್ಟು ಸಿದ್ಧವಾಗಿದೆ. ತಾನು ತಿಳಿಯುವುದಕ್ಕಾಗಿ ಮಾಡುವ ಅನುಮಾನ ಸ್ವಾರ್ಥಾನುಮಾನ. ಇನ್ನೊಬ್ಬರಿಗೆ ಮನಗಾಣಿಸುವುದಕ್ಕಾಗಿ ಮಾಡುವುದು ಪರಾರ್ಥಾನುಮಾನ. ಎರಡನೆಯದಕ್ಕೆ ಐದು ಅವಯವಗಳನ್ನು ಹೇಳಿದ್ದಾರೆ: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ‘ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ, ಈ ಬೆಟ್ಟವೂ ಅಂಥದು, ಆದುದರಿಂದ ಬೆಟ್ಟದಲ್ಲಿ ಬೆಂಕಿಯಿದೆ’ ಎಂಬುದು ಅದರ ಪ್ರಸಿದ್ಧ ದೃಷ್ಟಾಂತ. ನಮ್ಮ ಭಾಷಣವನ್ನು ಈ ಅಚ್ಚಿನಲ್ಲಿ ಹಾಕಿದರೆ ಹೀಗಾಗುವುದು:

೧. ಪ್ರತಿಜ್ಞೆ: ಪ್ರಯೋಗಶಾಲೆಯ ಮಾಳಿಗೆಯ ಮಳೆನೀರು ಬೇಸಿಗೆಯ ಎರಡು ತಿಂಗಳು ನಮ್ಮ ಕಾಲೇಜಿನ ಬಾಯಾರಿಕೆಯನ್ನು ತೀರಿಸಬಲ್ಲದು.

೨. ಹೇತು: ಏಕೆಂದರೆ ಎರಡು ತಿಂಗಳಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ಆ ಮಾಳಿಗೆಯ ಮೇಲೆ ಬಿದ್ದು ಹರಿದುಹೋಗುತ್ತಿದೆ.

೩. ಉದಾಹರಣೆ: ಮಾಳಿಗೆಯ ನೀರನ್ನು ಹಿಡಿಯುವುದು ಬೇರೆಡೆಗಳಲ್ಲಿ ರೂಢಿಯಲ್ಲಿದೆ. ೨೦೦೯ರಲ್ಲಿ ಕಾಯಿದೆಯ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ ನಿಗದಿಯಾದ ಅಳತೆಗೆ ಮೀರಿದ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು.

೪. ಉಪನಯ: ನಮ್ಮ ಮಾಳಿಗೆಯ ಲೆಕ್ಕ ಹೀಗಿದೆ.

೫. ನಿಗಮನ: ಆದುದರಿಂದ ಮನವಿಗೆ ಸಹಿ ಮಾಡಿರಿ; ಶನಿವಾರ ಬನ್ನಿರಿ.

ಐದರಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ನಾಲ್ಕನೆಯದಾದ ಉಪನಯವನ್ನು. ಅಡುಗೆಮನೆಯಲ್ಲಿ ಹೊಗೆಯನ್ನು ಕಂಡುದರಿಂದಲೇ ಬೆಟ್ಟದ ಮಾತು ಸಿದ್ಧವಾಗುವುದಿಲ್ಲ. ಬೆಟ್ಟದಲ್ಲಿಯೂ ಹೊಗೆಯಿದೆ ಎಂದು ತೋರಿಸಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ೯೦೦ ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ನಮ್ಮ ಜಿಲ್ಲೆಯ ಸರಾಸರಿ ಸುಮಾರು ೬೦೦. ‘ಅಲ್ಲಿ ನಡೆದುದು ಇಲ್ಲಿ ನಡೆದೀತೆ?’ ಎಂದು ಚುರುಕಾದ ಶ್ರೋತೃವು ಕೇಳಿಯೇ ಕೇಳುವನು. ಅವನಿಗೆ ಲೆಕ್ಕವೇ ಉತ್ತರವಾಗಬೇಕು.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ದೊರೆಯುವುದು. ಈ ಒಂದು ಸಂಗತಿಯು ಸಾಕು. ಮಾಳಿಗೆಯ ಉದ್ದ ೨೦ ಮೀಟರ್, ಅಗಲ ೧೫ ಮೀಟರ್ ಇರಬಹುದೆಂದು ಅವಳು ಹೆಜ್ಜೆಯಿಂದ ಅಂದಾಜು ಮಾಡಿದ್ದಳು. ಅಂದರೆ ೩೦೦ ಚದರ ಮೀಟರ್. ಸರಾಸರಿಯನ್ನು ನಂಬದೆ, ಮಳೆ ಕಡಿಮೆಯಾದ ವರ್ಷವೆಂದು ೪೦೦ ಮಿಲಿಮೀಟರನ್ನೇ ಹಿಡಿಯೋಣ. ೩೦೦ನ್ನು ೪೦೦ರಿಂದ ಗುಣಿಸಿದರೆ ೧,೨೦,೦೦೦ ಲೀಟರ್. ಆವಿಯಾಗಿ, ಸೋರಿ, ಮೊದಲ ಮಳೆಯ ಕೊಳೆನೀರಾಗಿ ಐದರಲ್ಲಿ ಒಂದು ಪಾಲು ಹೋದರೂ ೯೬,೦೦೦ ಲೀಟರ್ ಉಳಿಯುವುದು. ೪೦೦ ವಿದ್ಯಾರ್ಥಿಗಳಿಗೆ ತಲೆಗೆ ೨ ಲೀಟರಿನಂತೆ ದಿನಕ್ಕೆ ೮೦೦ ಲೀಟರ್ ಬೇಕು. ಆ ಲೆಕ್ಕದಿಂದ ಇದು ೧೨೦ ದಿನಗಳ ನೀರು.

ಹಾಗಾದರೆ ‘ನಾಲ್ಕು ತಿಂಗಳ ನೀರು’ ಎಂದೇ ಏಕೆ ಹೇಳಬಾರದು? ಅವಳೂ ಇದನ್ನೇ ಕೇಳಿದಳು. ಬೀಳುವ ನೀರು ಬೇರೆ, ಕೂಡಿಡಬಹುದಾದ ನೀರು ಬೇರೆ. ೬ ಮೀಟರ್ ಉದ್ದ, ೪ ಮೀಟರ್ ಅಗಲ, ೨ ಮೀಟರ್ ಆಳದ ತೊಟ್ಟಿಯಲ್ಲಿ ಹಿಡಿಯುವುದು ೪೮,೦೦೦ ಲೀಟರ್. ಅದು ೬೦ ದಿನಗಳಿಗೆ ಸಾಕು. ಆದುದರಿಂದ ಪ್ರತಿಜ್ಞೆಯಲ್ಲಿ ಎರಡು ತಿಂಗಳೆಂದೇ ಹೇಳಿದೆವು. ದೊಡ್ಡ ಸಂಖ್ಯೆಯನ್ನು ಹೇಳಿದರೆ ಚಪ್ಪಾಳೆ ಹೆಚ್ಚಾಗಬಹುದು. ಆದರೆ ಒಬ್ಬನೇ ಒಬ್ಬನು ಗುಣಿಸಿ ನೋಡಿದರೂ ಇಡೀ ಭಾಷಣವೇ ಕುಸಿದು ಬೀಳುವುದು.

ಪೂರ್ವಪಕ್ಷ

ನಮ್ಮ ಶಾಸ್ತ್ರಕಾರರು ತಮ್ಮ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಎತ್ತಿಹೇಳುತ್ತಿದ್ದರು. ಇದು ಇಂದಿಗೂ ಒಳ್ಳೆಯ ಪದ್ಧತಿ. ರೂಪರೇಖೆಯ ಹಾಳೆಯ ಬಲಗಡೆ ಒಂದು ಗೆರೆ ಎಳೆದು, ಕೇಳುವವರ ಮನಸ್ಸಿನಲ್ಲಿ ಏಳಬಹುದಾದ ಆಕ್ಷೇಪಗಳನ್ನು ಬರೆಯಿರಿ. ನಮ್ಮ ಹಾಳೆಯಲ್ಲಿ ಮೂರು ಇದ್ದವು.

‘ಮಾಳಿಗೆಯ ನೀರು ಕೊಳೆಯಲ್ಲವೆ?’ ಇದು ಸತ್ಯವಾದ ಆಕ್ಷೇಪ, ನಕ್ಕು ಹಾರಿಸುವಂಥದಲ್ಲ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು. ಮುಂದಿನ ನೀರನ್ನು ಮರಳು, ಜಲ್ಲಿ, ಇದ್ದಿಲುಗಳ ಮೂಲಕ ಸೋಸಬೇಕು. ಬೆಳಕೂ ಸೊಳ್ಳೆಯೂ ಹೋಗದಂತೆ ತೊಟ್ಟಿಯನ್ನು ಮುಚ್ಚಬೇಕು. ಪರೀಕ್ಷೆ ಮಾಡಿಸದೆ ಕುಡಿಯಬಾರದು. ಮಣ್ಣಿನ ಮಾಳಿಗೆಯ ಮನೆಗಳಿಗೆ ಈ ಮಾತು ಅನ್ವಯಿಸುವುದಿಲ್ಲವೆಂಬುದನ್ನೂ ಹೇಳಬೇಕು.

‘ಖರ್ಚು ಎಷ್ಟು?’ ಇದಕ್ಕೆ ಊಹೆಯ ಉತ್ತರ ಸಲ್ಲದು. ಗೌಂಡಿಯೊಬ್ಬನಿಂದ ಅಂದಾಜನ್ನು ಬರೆಯಿಸಿ ಮನವಿಯ ಜೊತೆಗೆ ಲಗತ್ತಿಸುವುದೆಂದು ನಿಶ್ಚಯಿಸಿದೆವು.

‘ಇದು ಬರದ ನಾಡು, ಇಲ್ಲಿ ನೀರನ್ನು ಕೂಡಿಡುವುದೆಂದರೇನು?’ ಇದಕ್ಕೆ ವಿಜಯಪುರವೇ ಉತ್ತರ. ೧೬೨೦ರ ತಾಜ್ ಬಾವಡಿ, ೧೬೫೧ರ ಬೇಗಂ ತಲಾಬ್ ಇವೇ ಮಳೆಯ ನಾಡಿನಲ್ಲಿ ಹುಟ್ಟಿದವು. ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ಪಟ್ಟಣಕ್ಕೆ ಹರಿಯುತ್ತಿತ್ತು. ಕೊಳವೆಗಳು ಒಡೆಯದಂತೆ ಒತ್ತಡವನ್ನು ಇಳಿಸಲು ನಡುನಡುವೆ ಕಲ್ಲಿನ ಗೋಪುರಗಳನ್ನು ಕಟ್ಟಿದ್ದರು. ಈ ದೃಷ್ಟಾಂತವನ್ನು ಮೂರನೆಯ ಅವಯವದಲ್ಲಿ ಇಡಬೇಕೆಂಬುದು ಅವಳ ಬಹಳ ಆಸೆಯಾಗಿತ್ತು. ಆದರೆ ಬೇಗಂ ತಲಾಬಿಗೆ ನೀರು ಬರುತ್ತಿದ್ದುದು ವಿಶಾಲವಾದ ಭೂಮಿಯಿಂದ, ಮಾಳಿಗೆಯಿಂದಲ್ಲ. ಅದು ನಮ್ಮ ಪ್ರತಿಜ್ಞೆಯನ್ನು ಸಾಧಿಸದು. ಈ ಆಕ್ಷೇಪವನ್ನು ಮಾತ್ರ ತೆಗೆದುಹಾಕುವುದು. ದೃಷ್ಟಾಂತವು ಎಷ್ಟೇ ಸೊಗಸಾಗಿದ್ದರೂ ಅದು ಎಲ್ಲಿ ಸಲ್ಲುವುದೋ ಅಲ್ಲಿಯೇ ಇಡತಕ್ಕದ್ದು.

ಆರು ಮಿನಿಟುಗಳು

ಭಾಷಣಕ್ಕೆ ದೊರೆತ ವೇಳೆ ಆರು ಮಿನಿಟು. ಮೊದಲ ಮಿನಿಟಿನಲ್ಲಿ ತಾನು ಕಂಡುದು ಮತ್ತು ಪ್ರತಿಜ್ಞೆ. ಎರಡು ಮಿನಿಟು ಹೇತು, ಉದಾಹರಣೆ, ಲೆಕ್ಕ. ಎರಡು ಮಿನಿಟು ಆಕ್ಷೇಪಗಳಿಗೆ. ಕೊನೆಯ ಮಿನಿಟು ಬೇಡಿಕೆಗೆ. ಆರಂಭದಲ್ಲಿ ಟ್ಯಾಂಕರಿನ ಸಾಲಿನ ಮಾತನ್ನು ಇಟ್ಟೆವು. ಒಪ್ಪಿಸುವ ಬಲವು ಮೂರು ಕಡೆಯಿಂದ ಬರುವುದೆಂದು ಗ್ರೀಸಿನ ಅರಿಸ್ಟಾಟಲನು ಹೇಳಿದ್ದಾನೆ: ಮಾತನಾಡುವವನ ಶೀಲ, ಕೇಳುವವನ ಭಾವ, ವಿಷಯದ ಯುಕ್ತಿ. ತಾನೇ ಕೊಡ ಹಿಡಿದು ನಿಂತವಳ ಮಾತಿನಲ್ಲಿ ಮೊದಲೆರಡೂ ತಾವಾಗಿಯೇ ಕೂಡಿಬರುವುವು. ಆದರೆ ಅದಕ್ಕೆ ನಾಲ್ಕೇ ವಾಕ್ಯ. ಮರುಕವು ಲೆಕ್ಕದ ಸ್ಥಾನವನ್ನು ಕಬಳಿಸಬಾರದು.

ಇಷ್ಟನ್ನೂ ಅಂಗೈಯಗಲದ ಒಂದು ಕಾಗದದಲ್ಲಿ ಬರೆಯಲಾಯಿತು; ಪೂರ್ಣ ವಾಕ್ಯಗಳಲ್ಲಿದ್ದುದು ಪ್ರತಿಜ್ಞೆ ಮತ್ತು ನಿಗಮನಗಳು ಮಾತ್ರ. ಬಾಯಿಪಾಠ ಮಾಡಿದವನು ಒಂದು ಪದ ತಪ್ಪಿದರೆ ನಿಂತುಬಿಡುವನು. ರೂಪರೇಖೆಯನ್ನು ಅರಿತವನು ಬೇರೆ ಪದದಿಂದ ಮುಂದುವರಿಯುವನು. ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಮೂರು ಸಲ ಗಟ್ಟಿಯಾಗಿ ಹೇಳಿದಳು.

ಎರಡನೆಯ ಭಾಷಣಕ್ಕೆ ಚಪ್ಪಾಳೆ ಮೊದಲಿನಷ್ಟು ಬೀಳಲಿಲ್ಲ. ಅದರ ಬದಲಾಗಿ ಪ್ರಶ್ನೆಗಳು ಬಂದವು. “ಮಾಳಿಗಿ ಖರೇನ ಅಷ್ಟ ಐತೇನು?” ಎಂದು ಹಿಂದಿನ ಬೆಂಚಿನಿಂದ ಒಬ್ಬನು ಕೇಳಿದನು. “ಗೊತ್ತಿಲ್ಲ, ಅದಕ್ಕ ಶನಿವಾರ ಬಾ ಅಂದೇನಿ,” ಎಂದು ಅವಳು ಹೇಳಿದಳು. ಶನಿವಾರ ಹನ್ನೊಂದು ಜನ ಟೇಪು ಹಿಡಿದು ಬಂದರು; ಪ್ರಶ್ನೆ ಕೇಳಿದವನೂ ಅವರಲ್ಲಿದ್ದನು. ಅಳೆದಾಗ ಮಾಳಿಗೆಯು ೩೦೦ ಅಲ್ಲ, ೨೭೦ ಚದರ ಮೀಟರ್ ಎಂದು ತಿಳಿಯಿತು. ೯೬,೦೦೦ ಲೀಟರ್ ೮೬,೪೦೦ಕ್ಕೆ ಇಳಿಯಿತು. ಆದರೂ ತೊಟ್ಟಿ ತುಂಬಲು ಅಡ್ಡಿಯಿಲ್ಲ. ಮನವಿಯಲ್ಲಿ ಸಂಖ್ಯೆಯನ್ನು ತಿದ್ದಿ, ನಲವತ್ತಮೂರು ಸಹಿಗಳೊಡನೆ ಕಾಲೇಜಿನ ಕಚೇರಿಗೆ ಕೊಟ್ಟಿದ್ದಾರೆ. ತೊಟ್ಟಿಯು ಆಗುವುದೋ ಇಲ್ಲವೋ ಮೇಲಿನವರು ನಿರ್ಧರಿಸಬೇಕು. ಆದರೆ ಚಪ್ಪಾಳೆ ತಟ್ಟಿ ಎದ್ದುಹೋಗಿದ್ದ ತರಗತಿಯು ಈ ಸಲ ಮಾಳಿಗೆಯನ್ನು ಹತ್ತಿತು.

ಅಭ್ಯಾಸ

ನಿಮ್ಮ ಊರಿನಲ್ಲಿ ನಿಮಗೆ ನೋವುಂಟುಮಾಡುವ ಒಂದು ಸಂಗತಿಯನ್ನು ಆರಿಸಿಕೊಳ್ಳಿರಿ. ಕೇಳುವವರು ಯಾರು, ಅವರ ಕೈಯಲ್ಲಿ ಏನು ಆಗಬಲ್ಲದು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಐದು ಅವಯವಗಳನ್ನು ತುಂಬಿರಿ. ಬಲಗಡೆಯಲ್ಲಿ, ನಿಮಗೆ ಉತ್ತರಿಸಲು ಅತಿ ಕಠಿಣವೆನಿಸುವ ಆಕ್ಷೇಪವನ್ನೇ ಮೊದಲು ಬರೆಯಿರಿ. ಅದಕ್ಕೆ ಉತ್ತರವು ಹೊಳೆಯದಿದ್ದರೆ ಭಾಷಣವನ್ನು ಮುಂದಕ್ಕೆ ಹಾಕಿ, ಅಳೆಯುವುದಕ್ಕೆ ಹೊರಡಿರಿ.