ಹೊಸ ದೋಣಿಗೆ ಎಂಥ ಮೋಟಾರು ಬೇಕು?



ಹೊಳೆಬದಿಯ ನಮ್ಮ ಸಂಘಗಳಲ್ಲಿ ಫೈಬರಿನ ಸಣ್ಣ ದೋಣಿಗೆ ಸಾಲ ಕೇಳುವವರು ಹೆಚ್ಚುತ್ತಿದ್ದಾರೆ. ದೋಣಿ ಬಂದ ಮೇಲೆ ಮುಂದಿನ ಮಾತು ಮೋಟಾರಿನದು. ಸಾಮಾನ್ಯವಾಗಿ ಗಂಡಸರು ಅಂಗಡಿಗೆ ಹೋಗಿ ಆರಿಸಿ ಬರುತ್ತಾರೆ. ಸಾಲದ ಕಾಗದಕ್ಕೆ ಸಹಿ ಹಾಕುವವರು ಹೆಂಗಸರು. ಆದ್ದರಿಂದ ಈ ಪಾಠವನ್ನು ಇಬ್ಬರೂ ಒಟ್ಟಿಗೆ ಕೂತು ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಬ್ಯಾಟರಿಯಿಂದ ಓಡುವ ಸಣ್ಣ ಮೋಟಾರಿಗೆ ಅಂಗಡಿಯವರು ‘ಟ್ರೋಲಿಂಗ್ ಮೋಟಾರ್’ ಅಂತಾರೆ. ಮಲ್ಪೆ, ಗಂಗೊಳ್ಳಿಯ ಟ್ರಾಲ್ ಬೋಟಿಗೂ ಇದಕ್ಕೂ ಸಂಬಂಧವಿಲ್ಲ. ಸದ್ದಿಲ್ಲದೆ ನಿಧಾನವಾಗಿ ಸಾಗುತ್ತಾ ಗಾಳ ಎಳೆಯಲು ಮಾಡಿದ ಯಂತ್ರ ಇದು. ಹೊಳೆಯೊಳಗೆ ಬಲೆ ಬಿಡುವವರಿಗೂ, ಮರುವಾಯಿ ತೆಗೆಯಲು ಹೋಗುವವರಿಗೂ ಆಗುತ್ತದೆ. ಸೀಮೆಎಣ್ಣೆಯ ಖರ್ಚಿಲ್ಲ, ಹೊಗೆಯಿಲ್ಲ. ಆದರೆ ಎಲ್ಲರಿಗೂ ಹೊಂದುವುದಿಲ್ಲ. ನಿಮ್ಮ ದೋಣಿ ಯಾವ ನೀರಿಗೆ ಹೋಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ.

ಈ ಮೋಟಾರಿನ ಬಲವನ್ನು ಎಚ್.ಪಿ.ಯಲ್ಲಿ ಹೇಳುವುದಿಲ್ಲ, ಅದು ನೀರನ್ನು ಎಷ್ಟು ಪೌಂಡು ಬಲದಿಂದ ನೂಕುತ್ತದೆ ಎಂದು ಹೇಳುತ್ತಾರೆ. ಲೆಕ್ಕ ಸುಲಭ. ದೋಣಿ 200 ಕಿಲೋ, ಇಬ್ಬರು ಸೇರಿ 120, ಬ್ಯಾಟರಿ 30, ಬಲೆ ಮತ್ತು ಮೀನು 50. ಒಟ್ಟು 400 ಕಿಲೋ. ನಿಂತ ನೀರಿನಲ್ಲಿ 50 ಕಿಲೋ ಭಾರಕ್ಕೆ 1 ಕಿಲೋ ನೂಕು ಸಾಕು; ಅಂದರೆ 8 ಕಿಲೋ, ಸುಮಾರು 18 ಪೌಂಡು. ನಮ್ಮ ಹೊಳೆಗಳು ನಿಂತ ನೀರಲ್ಲ. ಉಬ್ಬರ ಇಳಿತ ಇದೆ, ಮಧ್ಯಾಹ್ನದ ಪಡುಗಾಳಿ ಇದೆ. ಹಾಗಾಗಿ ಇಂಥ ದೋಣಿಗೆ 40ರಿಂದ 55 ಪೌಂಡಿನ ಮೋಟಾರು ನೋಡಿ. 55ರವರೆಗೆ ಸಾಮಾನ್ಯವಾಗಿ 12 ವೋಲ್ಟಿನ ಒಂದೇ ಬ್ಯಾಟರಿ ಸಾಕು. ಅದಕ್ಕಿಂತ ಬಲದ್ದಕ್ಕೆ ಎರಡು ಬೇಕು, ಖರ್ಚೂ ಭಾರವೂ ಎರಡು ಪಾಲು.

ಮೋಸ ಹೋಗುವುದು ಬ್ಯಾಟರಿಯಲ್ಲಿ. 55 ಪೌಂಡಿನ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್‌ನ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದು ಬೇಗ ಸಾಯುತ್ತದೆ. ಅಂದಮೇಲೆ ನಿಮಗೆ ಸಿಗುವುದು ಒಂದೇ ಗಂಟೆ! ನಿಧಾನವಾಗಿ ಓಡಿಸಿದರೆ ಮೂರು ಗಂಟೆ ಬಂದೀತು. ಕಾರು, ಟೆಂಪೋದ ಬ್ಯಾಟರಿ ಬೇಡವೇ ಬೇಡ. ಅದು ಒಂದು ಕ್ಷಣ ಎಂಜಿನ್ ಚಾಲೂ ಮಾಡಲು ಇರುವುದು, ಗಂಟೆಗಟ್ಟಲೆ ದುಡಿಯಲು ಅಲ್ಲ. ಲಿಥಿಯಂ ಬ್ಯಾಟರಿ ಹಗುರ, ಸುಮಾರು 12 ಕಿಲೋ. ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸಬಹುದು, ಬಾಳಿಕೆಯೂ ಹೆಚ್ಚು. ಮೊದಲ ದುಡ್ಡು ಮಾತ್ರ ಜಾಸ್ತಿ. ಯಾವುದನ್ನೇ ತನ್ನಿ, ಬ್ಯಾಟರಿ ಒಂದು ದಿನ ಬದಲಾಯಿಸಬೇಕಾದ ಸಾಮಾನು. ಅದಕ್ಕಾಗಿ ಸಾಲದ ಕಂತಿನ ಜೊತೆಗೇ ವಾರಕ್ಕಿಷ್ಟು ಅಂತ ಬೇರೆ ಉಳಿತಾಯ ಮಾಡದಿದ್ದರೆ, ಮೋಟಾರಿನ ಸಾಲ ತೀರುವ ಮೊದಲೇ ಬ್ಯಾಟರಿಗೆ ಹೊಸ ಸಾಲ.

ಈಗ ಜೀವದ ಮಾತು. ಸಣ್ಣ ದೋಣಿಯಲ್ಲಿ ಈ ಮೋಟಾರಿನ ವೇಗ ಗಂಟೆಗೆ 6–7 ಕಿ.ಮೀ. ದಾಟುವುದು ಕಡಿಮೆ. ದೊಡ್ಡ ಬ್ಯಾಟರಿ ಹಾಕಿದರೆ ಹೆಚ್ಚು ಹೊತ್ತು ಓಡೀತು, ಜೋರಾಗಿ ಓಡದು. ಅಳಿವೆ ಬಾಗಿಲಲ್ಲಿ ಇಳಿತದ ಸೆಳೆತ ಜೋರಾದಾಗ ದೋಣಿ ನಿಂತಲ್ಲೇ ನಿಲ್ಲುತ್ತದೆ, ಅಥವಾ ಹಿಂದಕ್ಕೆ, ಸಮುದ್ರದ ಕಡೆಗೆ ಹೋಗುತ್ತದೆ. ಆದ್ದರಿಂದ ಅಳಿವೆ ದಾಟುವವರು ಬ್ಯಾಟರಿ ಮೋಟಾರನ್ನು ನಂಬಲೇಬಾರದು ಎಂಬುದು ನಮ್ಮ ಖಡಾಖಂಡಿತ ಅಭಿಪ್ರಾಯ. ಹೊಳೆಯೊಳಗೇ ಇರುವವರೂ ಹುಟ್ಟು, ಲೈಫ್ ಜಾಕೆಟ್ ಬಿಟ್ಟು ಹೋಗಬೇಡಿ. ಹೋಗುವಾಗ ಇಳಿತದ ಜೊತೆ ಸಲೀಸಾಗಿ ಹೋದವರಿಗೆ, ಅದರ ಎದುರು ಬರುವಾಗ ದುಪ್ಪಟ್ಟು ಚಾರ್ಜು ಬೇಕಾದೀತು.

ಕಡಲಿಗೆ ಹೋಗುವವರಿಗೆ ಔಟ್‌ಬೋರ್ಡ್ ಎಂಜಿನ್ನೇ ಸರಿ. ಇಲ್ಲೂ ‘ದೊಡ್ಡದೇ ಇರಲಿ’ ಅನ್ನುವ ಆಸೆ ಬೇಡ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, 10 ಎಚ್.ಪಿ.ವರೆಗಿನ ಎಂಜಿನಿನ ನಾಡದೋಣಿಗೆ ವಿನಾಯಿತಿ ಇದೆ. 9.9 ಎಚ್.ಪಿ. ಎಂಜಿನ್ ಈ ಮಿತಿಯೊಳಗೆ ಬರುತ್ತದೆ. 15 ಎಚ್.ಪಿ. ತಂದವರ ದೋಣಿ ಆ ಎರಡು ತಿಂಗಳು ದಡದಲ್ಲಿ, ಕಂತು ಮಾತ್ರ ನಿಲ್ಲುವುದಿಲ್ಲ. ಸೀಮೆಎಣ್ಣೆ, ಸಹಾಯಧನ, ನೋಂದಣಿಯ ಈ ವರ್ಷದ ನಿಯಮವನ್ನು ದುಡ್ಡು ಕೊಡುವ ಮೊದಲೇ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಬ್ಯಾಟರಿ ಮೋಟಾರು ಕೊಳ್ಳುವವರು ಅಂಗಡಿಯಲ್ಲಿ ಇದು ಉಪ್ಪುನೀರಿಗೆ ಮಾಡಿದ್ದೋ ಅಂತ ಕೇಳಿ; ಸಿಹಿನೀರಿನದ್ದು ನಮ್ಮ ಹೊಳೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ದೋಣಿಯ ಅಂಚಿನ ಎತ್ತರ ಅಳೆದುಕೊಂಡು ಹೋಗಿ, ಫ್ಯಾನು ನೀರಿನೊಳಗೆ ಸುಮಾರು ಒಂದು ಅಡಿ ಮುಳುಗುವಷ್ಟು ದಂಡ ಉದ್ದವಿರಬೇಕು. ಎರಡೂ ತುದಿ ಚೂಪಾದ ಪಾತಿ ದೋಣಿಗೆ ಬದಿಯಲ್ಲಿ ಗಟ್ಟಿ ಹಲಗೆ ಕಟ್ಟಿಸಬೇಕು. ಬ್ಯಾಟರಿಯ ಹತ್ತಿರ ಫ್ಯೂಸ್ ಹಾಕಿಸಿ. ದಿನಾ ಮನೆಗೆ ಬಂದ ಮೇಲೆ ಮೋಟಾರನ್ನು ಸಿಹಿನೀರಿನಿಂದ ತೊಳೆಯಿರಿ. ಆಸಿಡ್ ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಚಾರ್ಜಿಗೆ ಇಡಬೇಡಿ, ಅದರಿಂದ ಬರುವ ಅನಿಲಕ್ಕೆ ಬೆಂಕಿ ಹತ್ತುತ್ತದೆ. ಗ್ಯಾರಂಟಿ ಕಾರ್ಡು, ಬಿಲ್ಲು ಎರಡರ ನಕಲನ್ನೂ ಸಂಘದ ಕಡತದಲ್ಲಿಡಿ.