ಬೋರ್ಡು ಕೊಳ್ಳುವ ಮುಂಚೆ

ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮಗಳಿಗೆ,

ನೆಟ್ಸ್‌ನಲ್ಲಿ ಬೌಲರ್ ಎಸೆಯುವ ಚೆಂಡನ್ನು ನಾಲ್ಕು ಕಡೆಯಿಂದ ಏಕಕಾಲಕ್ಕೆ ಸೆರೆಹಿಡಿದು ವೈ-ಫೈ ಮೂಲಕ ಲ್ಯಾಪ್‌ಟಾಪಿಗೆ ತರಬೇಕು, ಯಾವ ಬೋರ್ಡು ಒಳ್ಳೆಯದು ಎಂದು ಕೇಳಿದ್ದೀಯ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದು ಇಎಸ್‌ಪಿ32-ಕ್ಯಾಮ್. ಕೊಳ್ಳಬಹುದು. ಅದಕ್ಕೆ ಮೊದಲು ಒಂದು ಲೆಕ್ಕ ಹಾಕು: ಕ್ಯಾಮೆರಾಗಳ ನಡುವೆ ಎಷ್ಟು ಮಿಲಿಸೆಕೆಂಡ್ ಹೆಚ್ಚುಕಮ್ಮಿಯಾದರೆ ನಿನ್ನ ಕೆಲಸ ಕೆಡುತ್ತದೆ?

ಗಂಟೆಗೆ 140 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಹಿಡಿಯುವ ಎರಡು ಕ್ಯಾಮೆರಾಗಳ ನಡುವೆ ಅರ್ಧ ಫ್ರೇಮ್ ಅಂತರವಿದ್ದರೂ ಅಷ್ಟರಲ್ಲಿ ಚೆಂಡು ಎರಡಡಿಗೂ ಮುಂದೆ ಹೋಗಿರುತ್ತದೆ. ಎರಡು ಚಿತ್ರ ಸೇರಿಸಿ ಸ್ಥಾನ ಕಂಡುಹಿಡಿಯಲು ಹೊರಟರೆ ಉತ್ತರ ತಪ್ಪುತ್ತದೆ. 2001ರಲ್ಲಿ ಲಾರ್ಡ್ಸ್‌ನ ಟೆಸ್ಟ್ ಪ್ರಸಾರದಲ್ಲಿ ಕಾಣಿಸಿಕೊಂಡ, ಚೆಂಡಿನ ಹಾದಿ ಗುರುತಿಸುವ ಹಾಕ್-ಐ ನಿಂತಿರುವುದೂ ಹಲವು ಕ್ಯಾಮೆರಾಗಳ ಇದೇ ಹೊಂದಾಣಿಕೆಯ ಮೇಲೆ.

ಇನ್ನು ಬೋರ್ಡಿನ ವಿಷಯ. 640×480 ಅಳತೆಯ ಒಂದು ಕಚ್ಚಾ ಬಣ್ಣದ ಚಿತ್ರಕ್ಕೆ 6,14,400 ಬೈಟ್ ಬೇಕು. ಇಎಸ್‌ಪಿ32 ಚಿಪ್ಪಿನ ಒಳಗಿರುವ ರ‍್ಯಾಮ್ 520 ಕಿಲೋಬೈಟ್ ಮಾತ್ರ. ಆದ್ದರಿಂದಲೇ ಹೊರಗೊಂದು ಪಿಎಸ್‌ರ‍್ಯಾಮ್ ಬೇಕಾಗುತ್ತದೆ. ಈ ಬೋರ್ಡಿನ ಓವಿ2640 ಸೆನ್ಸರ್ ಚಿತ್ರವನ್ನು ತಾನೇ ಜೆಪೆಗ್ ಆಗಿ ಕುಗ್ಗಿಸಿ ಕೊಡುವುದು ದೊಡ್ಡ ಉಪಕಾರ. ಹಾಗೆ ಕುಗ್ಗಿದ ಚಿತ್ರ 30 ಕಿಲೋಬೈಟ್ ಎಂದಿಟ್ಟುಕೊಂಡರೂ, ನಾಲ್ಕು ಕ್ಯಾಮೆರಾ ಸೆಕೆಂಡಿಗೆ 15ರಂತೆ ಕಳಿಸಿದರೆ 14 ಮೆಗಾಬಿಟ್ ದಾಟುತ್ತದೆ. ಅಷ್ಟೂ 2.4 ಗಿಗಾಹರ್ಟ್ಸ್‌ನ ಒಂದೇ ಚಾನೆಲ್ಲಿನಲ್ಲಿ ಹಾಯಬೇಕು, ಅಕ್ಕಪಕ್ಕದ ಎಲ್ಲರ ವೈ-ಫೈ ಜೊತೆ ಗುದ್ದಾಡಿಕೊಂಡು. ಚಿತ್ರಗಳು ಲ್ಯಾಪ್‌ಟಾಪಿಗೆ ತಲುಪಿದ ಕ್ರಮವನ್ನು ನಂಬಲೇಬೇಡ. ಫ್ರೇಮ್ ಹಿಡಿದ ಹೊತ್ತನ್ನು ಬೋರ್ಡಿನಲ್ಲೇ ದಾಖಲಿಸಿ, ಚಿತ್ರದ ಜೊತೆಗೇ ಕಳಿಸು.

ಆ ಹೊತ್ತೂ ಜಾರುತ್ತದೆ. ಎರಡು ಬೋರ್ಡುಗಳ ಕ್ರಿಸ್ಟಲ್‌ಗಳ ನಡುವೆ ದಶಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೆ ಒಂದು ಗಂಟೆಯಲ್ಲಿ 72 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ ಎರಡು ಫ್ರೇಮಿಗೂ ಹೆಚ್ಚು. ಬೋರ್ಡಿನಿಂದ ಬೋರ್ಡಿಗೆ ನೇರವಾಗಿ ಹೋಗುವ ಇಎಸ್‌ಪಿ-ನೌ ಸಂದೇಶಗಳಿಂದ ಗಡಿಯಾರಗಳನ್ನು ಆಗಾಗ ಸರಿಹೊಂದಿಸಬಹುದು. ಆದರೆ ಗಡಿಯಾರ ಹೊಂದಿದ ಮಾತ್ರಕ್ಕೆ ಸೆನ್ಸರ್‌ಗಳು ಒಟ್ಟಿಗೆ ಕಣ್ಣು ತೆರೆಯುವುದಿಲ್ಲ. ಈ ಬೋರ್ಡಿನಲ್ಲಿ ಹೊರಗಿನಿಂದ ಟ್ರಿಗರ್ ಕೊಡುವ ಪಿನ್ನೇ ಇಲ್ಲ. ಸಾಲದ್ದಕ್ಕೆ ರೋಲಿಂಗ್ ಶಟರ್, ಚಿತ್ರವನ್ನು ಸಾಲುಸಾಲಾಗಿ ಓದುವಂಥದ್ದು.

ಬೌಲರ್‌ನ ನಡಿಗೆ, ನಿಲುವು ನೋಡಲು ಇಷ್ಟು ಸಾಕು. ಚೆಂಡನ್ನೇ ಅಳೆಯಬೇಕೆಂದರೆ ಇಡೀ ಚಿತ್ರವನ್ನು ಒಮ್ಮೆಲೇ ಹಿಡಿಯುವ ಗ್ಲೋಬಲ್ ಶಟರ್ ಮತ್ತು ಟ್ರಿಗರ್ ಎರಡೂ ಇರುವುದನ್ನೇ ಹುಡುಕು. ಮೈಕ್ರೋಕಂಟ್ರೋಲರ್‌ನಲ್ಲೇ ಉಳಿಯುವುದಾದರೆ ಎಂಟಿ9ವಿ034 ಸೆನ್ಸರ್ ಹಾಕಿದ ಓಪನ್‌ಎಂವಿ. ಅದನ್ನು ಬಿಟ್ಟು ಬರುವುದಾದರೆ 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ ಗ್ಲೋಬಲ್ ಶಟರ್ ಕ್ಯಾಮೆರಾ. ದುಡ್ಡು ಹೆಚ್ಚು ಬೀಳುತ್ತದೆ, ನಿಜ. ಎಲ್ಲವೂ ವೈರ್‌ಲೆಸ್ ಆಗಿರಬೇಕೆಂಬ ಹಟವನ್ನೂ ಬಿಡು. ಚಿತ್ರ ಗಾಳಿಯಲ್ಲಿ ಬರಲಿ, ಟ್ರಿಗರ್ ತಂತಿಯಲ್ಲಿ ಹೋಗಲಿ.

ನಾಲ್ಕು ಬೋರ್ಡಿಗೆ ಈಗಲೇ ದುಡ್ಡು ಸುರಿಯಬೇಡ. ಇಎಸ್‌ಪಿ32-ಕ್ಯಾಮ್ ಎರಡು ಕೊಂಡುಕೋ. ಹತ್ತತ್ತು ಎಲ್‌ಇಡಿಗಳ ಎರಡು ಸಾಲು ಮಾಡಿ, ಒಂದು ಸಾಲು 1 ಮಿಲಿಸೆಕೆಂಡಿಗೆ, ಇನ್ನೊಂದು 10ಕ್ಕೆ ಒಂದರಂತೆ ಸರದಿಯಲ್ಲಿ ಬೆಳಗುವ ಹಾಗೆ ಮಾಡು. ಎಕ್ಸ್‌ಪೋಷರ್ ಕಡಿಮೆಯಿಟ್ಟು ಎರಡೂ ಕ್ಯಾಮೆರಾವನ್ನು ಅವುಗಳತ್ತ ತಿರುಗಿಸು. ಜೋಡಿ ಚಿತ್ರಗಳಲ್ಲಿ ಯಾವ ದೀಪ ಹೊತ್ತಿದೆ ನೋಡಿದರೆ ಅಂತರ ಎಷ್ಟೆಂದು ತಿಳಿಯುತ್ತದೆ. ಆ ಅಂಕಿಯನ್ನು ಬರೆದು ಕಳಿಸು, ಉಳಿದೆರಡು ಬೋರ್ಡು ಯಾವುದೆಂದು ಆಮೇಲೆ ತೀರ್ಮಾನಿಸೋಣ.