ಸೊಟ್ಟ ಹಲಗೆಯ ನೆಟ್ಟಗಿನ ಲೆಕ್ಕ

ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರಿಲ್ಲ. ಅದು ಬೀದಿಯ ಹೊಂಗೆ ಮರದಡಿ ಹಕ್ಕಿಗಳ ಹಿಕ್ಕೆ ಹೊತ್ತುಕೊಂಡು ನಿಂತಿರುತ್ತದೆ. ಶೆಡ್ಡಿನೊಳಗೆ ಮರಗೆಲಸದ ಬೆಂಚು, ಗೋಡೆಗೆ ತಗುಲಿಸಿದ ಗರಗಸ, ಉಳಿ, ಮೂಲೆಮಟ್ಟ, ತಾತನ ಕಾಲದ ಎರಡು ಹತ್ತರಿ. ವಾರವಿಡೀ ಬೇರೆಯವರ ಸಾಲದ ಅರ್ಜಿಗಳಲ್ಲಿ ತಪ್ಪು ಹುಡುಕುವ ನಾನು ಭಾನುವಾರ ಅಲ್ಲಿ ಬಡಗಿಯಾಗುತ್ತೇನೆ. ಮಗಳ ಓದುವ ಮೇಜು, ಎರಡು ಪುಸ್ತಕದ ಕಪಾಟು, ದೇವರ ಮಂಟಪ ಅಲ್ಲಿಂದಲೇ ಬಂದವು. ಮಂಟಪ ಒಂಚೂರು ಎಡಕ್ಕೆ ವಾಲಿದೆ. ದೇವರು ಈವರೆಗೆ ದೂರು ಕೊಟ್ಟಿಲ್ಲ.

ಮರಗೆಲಸಕ್ಕೆ ಇಳಿದವರಿಗೆಲ್ಲ ಮೊದಲು ಎದುರಾಗುವ ತೊಂದರೆ ಮರದ್ದೇ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಿಂದ ತಂದ ಹಲಗೆ ಒಂದು ತುದಿಯಲ್ಲಿ ಇಂಚು ದಪ್ಪ, ಇನ್ನೊಂದು ತುದಿಯಲ್ಲಿ ಇಂಚಿನ ಮೇಲೆ ಎರಡು ಸೂತು, ಅಂದರೆ ಇಂಚೂಕಾಲು. ಒಂದು ಬದಿ ಉಬ್ಬು, ಒಂದು ಮೂಲೆ ತಿರುಚು. ಅದನ್ನು ಮಟ್ಟ ಮಾಡಿ ಒಂದೇ ದಪ್ಪಕ್ಕೆ ತರುವ ಕೆಲಸವನ್ನು ಹತ್ತರಿಯಲ್ಲೇ ಮಾಡಬಹುದು. ಒಂದು ಕಪಾಟಿಗೆ ಬೇಕಾದ ಹಲಗೆಗಳಿಗೆ ನನಗೆ ಮೂರು ಭಾನುವಾರ ಹಿಡಿಯಿತು, ನಾಲ್ಕನೆಯ ಭಾನುವಾರ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ.

ಆಮೇಲೆ ಸಾಮಿಲ್ಲಿನ ದಾರಿ ಹಿಡಿದೆ. ಗೂಡ್ಸ್ ಆಟೋದಲ್ಲಿ ಹಲಗೆ ಹಾಕಿಕೊಂಡು ಹೋಗುವುದು, ಸರದಿ ಕಾಯುವುದು, ಎರಡೂ ಮುಖ ಮೆಷಿನ್ನಿಗೆ ಕೊಡಿಸಿ ವಾಪಸ್ ತರುವುದು. ಅಭ್ಯಾಸಬಲದಿಂದ ಚೀಟಿಗಳನ್ನೆಲ್ಲ ಇಟ್ಟುಕೊಂಡಿದ್ದೆ. 14 ತಿಂಗಳಲ್ಲಿ 9 ಸಲ. ಆಟೋಗೆ ಸಲಕ್ಕೆ 650 ರೂಪಾಯಿಯಂತೆ 5,850, ಮಿಲ್ಲಿಗೆ ಕೂಲಿ 3,750. ಒಟ್ಟು 9,600. ವರ್ಷಕ್ಕೆ ಹಂಚಿದರೆ ಸುಮಾರು 8,200 ರೂಪಾಯಿ.

ಆಗಲೇ ನನ್ನ ತಲೆಗೆ ಮೆಷಿನ್ ಹೊಕ್ಕಿದ್ದು. ಮನೆಯಲ್ಲೇ ಒಂದಿದ್ದರೆ ಈ ದುಡ್ಡು ಉಳಿಯುತ್ತದಲ್ಲ? ಸಾಲ ಕೇಳಲು ಬರುವವರೂ ಇದನ್ನೇ ಹೇಳುತ್ತಾರೆ, ನಾನು ಕನ್ನಡಕ ಸರಿಮಾಡಿಕೊಂಡು ‘ಲೆಕ್ಕ ಎಲ್ಲಿ?’ ಎನ್ನುತ್ತೇನೆ. ನನ್ನನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ. ಒಬ್ಬಳಿದ್ದಳು, ಅವಳಿಗೆ ನಾನು ಬಿಲ್ ತೋರಿಸಿದ್ದು ಮೆಷಿನ್ ಮನೆಗೆ ಬಂದ ಮೇಲೆ.

ಇಲ್ಲಿ ಎರಡು ಕೆಲಸಗಳಿವೆ, ಮೊದಲು ಬೇರ್ಪಡಿಸಿಕೊಳ್ಳಿ. ಹಲಗೆಯ ಒಂದು ಮುಖವನ್ನು ಮಟ್ಟ ಮಾಡಿ, ಒಂದು ಅಂಚನ್ನು ಆ ಮುಖಕ್ಕೆ ಮೂಲೆಮಟ್ಟಕ್ಕೆ ತರುವುದು ಪ್ಲೇನರ್. ಮಟ್ಟವಾದ ಆ ಮುಖಕ್ಕೆ ಸಮನಾಗಿ ಇನ್ನೊಂದು ಮುಖ ಕೆತ್ತಿ ದಪ್ಪ ಕೂರಿಸುವುದು ಥಿಕ್‌ನೆಸರ್. ಸೊಟ್ಟ ಹಲಗೆಯನ್ನು ನೇರ ಥಿಕ್‌ನೆಸರಿಗೆ ಕೊಟ್ಟರೆ ಅದರ ರೋಲರುಗಳು ಹಲಗೆಯನ್ನು ಒತ್ತಿ ಹಿಡಿದು ಮಟ್ಟ ಮಾಡಿದಂತೆ ಮಾಡುತ್ತವೆ. ಬ್ಲೇಡು ಕೆತ್ತುತ್ತದೆ. ಆಚೆ ಬಂದ ಹಲಗೆ ಬಾಣಲೆಗೆ ಬಿದ್ದ ಹಪ್ಪಳದ ಹಾಗೆ ಮತ್ತೆ ಡೊಂಕಾಗುತ್ತದೆ. ಸೊಟ್ಟ ಹಾಗೇ ಉಳಿದು ದಪ್ಪ ಮಾತ್ರ ಒಂದೇ ಸಮ ಆಗಿರುತ್ತದೆ. ಆದ್ದರಿಂದಲೇ ಎರಡನ್ನೂ ಒಂದೇ ಒಡಲಲ್ಲಿ ಕೊಡುವ ಕಾಂಬಿನೇಷನ್ ಮೆಷಿನ್ ಎಂದರೆ ಬಾಯಲ್ಲಿ ನೀರೂರುತ್ತದೆ. ಒಂದರ ದುಡ್ಡಿಗೆ ಎರಡು!

38,500 ರೂಪಾಯಿ ಕೊಟ್ಟು 10 ಇಂಚಿನದೊಂದು ತಂದೆ. ಅಂಗಡಿಯವನು ಮೊದಲು ಹೇಳಿದ್ದು 32,600. ಬಿಲ್ ಹಾಕುವಾಗ ‘ಪ್ಲಸ್ ಜಿಎಸ್‌ಟಿ ಸಾರ್’ ಎಂದ. ಮೆಷಿನ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಜಿಎಸ್‌ಟಿ ನೋಂದಣಿ ಇರುವ ಕಾರ್ಖಾನೆಯವನು ಅದನ್ನು ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾನೆ, ನಮ್ಮಂಥ ಭಾನುವಾರದ ಬಡಗಿಗಳಿಗೆ ಆ ಭಾಗ್ಯವಿಲ್ಲ. ನಾನು ‘ನೋ-ಕಾಸ್ಟ್ ಇಎಂಐ’ ಬೇರೆ ತೆಗೆದುಕೊಂಡೆ. ಬಡ್ಡಿಯಷ್ಟು ರಿಯಾಯಿತಿ ಬೆಲೆಯಲ್ಲಿ ಕೊಡುತ್ತಾರೆ, ನಿಜ. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಫೀ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ತಣ್ಣಗೆ ಬಂದು ಕೂತಿದ್ದವು. ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೇ ಈ ಗತಿ.

ಮೆಷಿನ್ ನೋಡಲು ಚೆನ್ನಾಗಿತ್ತು. ಅಲ್ಯೂಮಿನಿಯಂ ಮೇಜು, ಒಟ್ಟು ಉದ್ದ ಮೂರಡಿಗೆ ಒಂದಿಷ್ಟು ಹೆಚ್ಚು. ಮೊದಲ ವಾರ ಸಣ್ಣ ತುಂಡುಗಳು ಗಾಜಿನಂತೆ ಬಂದವು. ಎರಡನೆಯ ವಾರ ನಾಲ್ಕೂವರೆ ಅಡಿಯ ಹಲಸಿನ ಹಲಗೆ ಕೊಟ್ಟೆ. ಎಷ್ಟು ಸಲ ತಳ್ಳಿದರೂ ಅದು ಬಾಳೆಕಾಯಿಯ ಹಾಗೆ ಬಾಗಿಯೇ ಬರುತ್ತಿತ್ತು. ತಪ್ಪು ನನ್ನ ಕೈಯದ್ದೇ ಇರಬೇಕೆಂದು ಒಂದು ತಿಂಗಳು ಕೈಯನ್ನೇ ತಿದ್ದಿದೆ.

ಕೊನೆಗೆ ಸಾಮಿಲ್ಲಿನ ಮೇಸ್ತ್ರಿಯನ್ನು ಕಾಫಿಗೆ ಕರೆದೆ. ಅವರು ಮೆಷಿನ್ ಆನ್ ಮಾಡಲೇ ಇಲ್ಲ. ಪ್ಲಗ್ ಕೀಳಿಸಿದರು. ನನ್ನ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಎರಡೂ ಮೇಜಿನ ಮೇಲೆ ಉದ್ದಕ್ಕೆ ನಿಲ್ಲಿಸಿದರು. ಜೇಬಿನಿಂದ ಬಸ್ ಟಿಕೆಟ್ ತೆಗೆದು ಪಟ್ಟಿಯ ಕೆಳಗೆ ತೂರಿಸಿದರು. ನಡುವೆ ಹಿಡಿಯಿತು. ಹೊರತುದಿಯಲ್ಲಿ ಟಿಕೆಟ್ ಸಲೀಸಾಗಿ ಹೋಯಿತು. ಅದನ್ನು ಎರಡು ಮಡಿಕೆ ಮಾಡಿ ತೂರಿಸಿದರು, ಆಗಲೂ ಹೋಯಿತು.

‘ನಿಮ್ಮ ಮೇಜೇ ತಲೆ ಬಗ್ಗಿಸಿದೆ ಸಾರ್. ಹಲಗೆ ಹೆಂಗೆ ನೆಟ್ಟಗೆ ಬರ್ತದೆ?’

ಬೋಲ್ಟು ಬಿಗಿಗೊಳಿಸಿದರು, ತಗಡಿನ ಚೂರು ಕೊಟ್ಟು ಎತ್ತಿದರು. ಸರಿಹೋಯಿತು. ಆದರೆ ಥಿಕ್‌ನೆಸರ್ ಕಡೆಗೆ ಹೋಗಬೇಕಾದರೆ ಆ ಮೇಜನ್ನೇ ಬಿಚ್ಚಿ ಎತ್ತಬೇಕು, ಹೊಟ್ಟು ಹೋಗುವ ಮೂತಿಯನ್ನು ತಿರುಗಿಸಬೇಕು. ಮತ್ತೆ ಮೇಜು ಇಳಿಸಿದರೆ ಮತ್ತೆ ಬಸ್ ಟಿಕೆಟ್ಟೇ ಗತಿ. ಒಳ್ಳೆಯ ಕಾಂಬಿನೇಷನ್ ಮೆಷಿನ್‌ಗಳಲ್ಲಿ ಎರಕದ ಕಬ್ಬಿಣದ ಮೇಜು ಎಷ್ಟು ಸಲ ಎತ್ತಿ ಇಳಿಸಿದರೂ ಅದೇ ಜಾಗಕ್ಕೆ ಕೂರುತ್ತದೆ. ದುಡ್ಡು ಕೊಡಬೇಕಾದದ್ದು ಆ ಒಂದು ಗುಣಕ್ಕೆ. ಕಡಿಮೆ ಬೆಲೆಯದರಲ್ಲಿ ಉಳಿತಾಯ ಮಾಡಿರುವುದೂ ಅಲ್ಲಿಯೇ. ಬ್ಲೇಡಿನ ಕಥೆ ಇನ್ನೊಂದು. ಆ ಕಂಪನಿಯದೇ ಅಳತೆ, ಬೇರೆಯದು ಕೂರುವುದಿಲ್ಲ. ‘ಸ್ಟಾಕ್ ಇಲ್ಲ ಸಾರ್, ಮುಂದಿನ ವಾರ’ ಎಂದವರು ಮೂರು ತಿಂಗಳು ಅದನ್ನೇ ಹೇಳಿದರು. ಕೊನೆಗೆ ಇರುವ ಕೊರತೆಯನ್ನೆಲ್ಲ ಹೇಳಿಯೇ 21,000ಕ್ಕೆ ಮಾರಿದೆ. 17,500 ರೂಪಾಯಿ ಹೊಟ್ಟಾಯಿತು.

ಇನ್ನು ನಮ್ಮದೇ ದೇಶದ ಎರಕದ ಕಬ್ಬಿಣದ ಮೆಷಿನ್. ಪಂಜಾಬಿನ ಬಟಾಲ ಕಡೆಯಿಂದ ಬರುವಂಥವು. ಆನೆಯಂಥ ಒಡಲು, ಸಾದಾ ಬ್ಲೇಡು, ಸಾಣೆ ಹಿಡಿಯುವ ಯಾವ ಅಂಗಡಿಯವನೂ ಅದನ್ನು ಹರಿತ ಮಾಡಿಕೊಡುತ್ತಾನೆ. ದಿನವೂ ಮರ ಕೊಯ್ಯುವವರಿಗೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೆ ದೊಡ್ಡ ಮೋಟರು, ಹಲವಕ್ಕೆ ತ್ರೀ ಫೇಸ್ ಸಂಪರ್ಕ, ಮಂಜೂರಾದ ಲೋಡು ಏರಿಸುವ ಅರ್ಜಿ, ಇಳಿಸಿಕೊಳ್ಳಲು ನಾಲ್ಕು ಜನ. ಕಾರ್ ಶೆಡ್ಡಿನ ಹವ್ಯಾಸಕ್ಕೆ ಅದು ಮದುವೆ ಮನೆಯ ಕೊಪ್ಪರಿಗೆಯಲ್ಲಿ ಒಬ್ಬನಿಗೆ ಅನ್ನ ಮಾಡಿದ ಹಾಗೆ.

ಉಳಿದದ್ದು ಥಿಕ್‌ನೆಸರ್ ಒಂದೇ. ಬೆಂಚಿನ ಮೇಲೆ ಇಡುವ, ಒಬ್ಬರೇ ಹೇಗೋ ಎತ್ತಬಹುದಾದ ಬಗೆ. ಈ ವರ್ಗದಲ್ಲಿ ಮಕಿಟಾ 2012ಎನ್‌ಬಿ, ಡಿವಾಲ್ಟ್ ಡಿಡಬ್ಲ್ಯೂ735 ಹೆಸರುಗಳು ಹವ್ಯಾಸಿಗಳ ಬಾಯಲ್ಲಿ ಓಡಾಡುತ್ತವೆ. ಮೊದಲನೆಯದು 12 ಇಂಚು ಅಗಲ, 1,650 ವ್ಯಾಟ್, 28 ಕಿಲೋ ಆಸುಪಾಸು. ಎರಡನೆಯದು 13 ಇಂಚು, ಮೂರು ಬ್ಲೇಡು, ಎರಡು ವೇಗ, ಇನ್ನೂ ಭಾರ. ಹೊಸದಕ್ಕೆ ನನ್ನ ಬಜೆಟ್ ಎಟುಕಲಿಲ್ಲ. ವಿದೇಶಕ್ಕೆ ಹೊರಟಿದ್ದ ಹವ್ಯಾಸಿಯೊಬ್ಬರಿಂದ ಮಕಿಟಾವನ್ನು 45,000ಕ್ಕೆ ತಂದೆ. ಕೊಳ್ಳುವ ಮುಂಚೆ ಒಂದು ಗಂಟೆ ಅದರ ಜೊತೆ ಕೂತಿದ್ದೆ. ಖಾಲಿ ಓಡಿಸಿ ಬೇರಿಂಗ್ ಕಿರುಗುಟ್ಟುತ್ತದೆಯೇ ಎಂದು ಕೇಳಿದೆ, ರಬ್ಬರ್ ರೋಲರಿಗೆ ಬಿರುಕು ಬಿದ್ದಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿದೆ, ನಾನೇ ಒಯ್ದಿದ್ದ ಹಲಗೆಯನ್ನು ಓಡಿಸಿ ನಾಲ್ಕು ಮೂಲೆಯ ದಪ್ಪ ಅಳೆದೆ.

ಹಾಗಾದರೆ ಮೊದಲ ಮುಖ ಮಟ್ಟವಾಗುವುದು ಹೇಗೆ? ಒಂದು ಐದಡಿ ಪ್ಲೈವುಡ್ ಪಟ್ಟಿ ಸಾಕು. ಸೊಟ್ಟ ಹಲಗೆಯನ್ನು ಅದರ ಮೇಲಿಟ್ಟು, ಅಲುಗಾಡುವ ಕಡೆಗಳಲ್ಲೆಲ್ಲ ತೆಳು ಬೆಣೆ ಕೊಟ್ಟು ಬಿಸಿ ಅಂಟಿನಲ್ಲಿ ಕೂರಿಸುತ್ತೇನೆ. ರೋಲರು ಒತ್ತಿದರೂ ಹಲಗೆ ಬಗ್ಗುವುದಿಲ್ಲ, ಮೇಲಿನ ಮುಖ ನಿಜವಾಗಿ ಮಟ್ಟವಾಗುತ್ತದೆ. ಬೆಣೆ ಕಿತ್ತು ಮಗುಚಿ ಹಾಕಿದರೆ ಇನ್ನೊಂದು ಮುಖ. ಅಂಚಿಗೆ ತಾತನ ಹತ್ತರಿ. ಹಲಗೆಗೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಭಾನುವಾರ ನನಗೆ ಹತ್ತು ನಿಮಿಷಕ್ಕೆ ಬರವಿಲ್ಲ.

ಈಗ ಲೆಕ್ಕ. ಮೆಷಿನ್ 45,000. 16 ಆಂಪಿಯರ್ ಸಾಕೆಟ್ಟಿಗೆ ಬೇರೆ ಲೈನು, ಎಂಸಿಬಿ ಸೇರಿ 3,200. ಕಿವಿಮುಚ್ಚಿಗೆ, ಹೊಟ್ಟು ಎಳೆಯುವ ಪೈಪು 1,800. ಒಟ್ಟು 50,000. ಎಂಟು ವರ್ಷ ಬಳಸಿ 18,000ಕ್ಕೆ ಮಾರುತ್ತೇನೆ ಎಂದುಕೊಂಡರೆ ವರ್ಷಕ್ಕೆ 4,000 ಸವಕಲು. ಆ 50,000 ಎಫ್‌ಡಿಯಲ್ಲಿದ್ದಿದ್ದರೆ ಆರೂವರೆ ಪರ್ಸೆಂಟಿನಂತೆ ವರ್ಷಕ್ಕೆ 3,250 ಬರುತ್ತಿತ್ತು, ಅದೂ ಖರ್ಚೇ. ಬ್ಲೇಡಿಗೆ 2,400. ವರ್ಷಕ್ಕೆ 25 ಗಂಟೆ ಓಡಿದರೆ 41 ಯೂನಿಟ್ ಕರೆಂಟು, 300 ರೂಪಾಯಿ ಅನ್ನಿ. ಎಲ್ಲ ಸೇರಿ 9,950. ಸಾಮಿಲ್ಲಿಗೆ ಹೋಗಿದ್ದು 8,200.

ಅಂದರೆ ಮೆಷಿನ್ ಕೊಂಡು ನಾನು ವರ್ಷಕ್ಕೆ 1,750 ರೂಪಾಯಿ ಕಳೆದುಕೊಳ್ಳುತ್ತಿದ್ದೇನೆ. ‘ಆ 17,500 ಯಾವ ಕಾಲಮ್ಮಿನಲ್ಲಿ ಬರುತ್ತೆ?’ ಎಂದು ನನ್ನಾಕೆ ಹೆಗಲ ಮೇಲಿಂದ ಇಣುಕಿ ಕೇಳಿದಳು. ಅದನ್ನು ಟ್ಯೂಷನ್ ಫೀ ಎಂದು ಬರೆದುಕೊಂಡಿದ್ದೇನೆ.

ಆದರೂ ಯಾಕೆ ಇಟ್ಟುಕೊಂಡೆ? ಹಳೇ ಮನೆ ಕೆಡವಿದ ಮರಕ್ಕಾಗಿ. ತೊಲೆ, ಬಾಗಿಲುವಾಡ, ಅಟ್ಟದ ಹಲಗೆ. ಐವತ್ತು ಅರವತ್ತು ವರ್ಷ ಒಣಗಿದ ಆ ಸಾಗುವಾನಿ ಇನ್ನು ಡೊಂಕಾಗುವುದು ಅಪರೂಪ. ಆದರೆ ನಾನು ಹೋಗುತ್ತಿದ್ದ ಸಾಮಿಲ್ಲಿನವರು ಅದನ್ನು ಮುಟ್ಟುತ್ತಿರಲಿಲ್ಲ. ಒಳಗೆ ಮುರಿದು ಕೂತ ಒಂದು ಮೊಳೆ ಸಾಕು, ಬ್ಲೇಡಿನ ಹಲ್ಲು ಹೋಗುತ್ತದೆ, ಆಮೇಲೆ ಬಂದ ಹಲಗೆಗಳ ಮೇಲೆಲ್ಲ ದಾರ ಅಂಟಿಸಿದಂಥ ಗೆರೆ. ನನ್ನ ಮೆಷಿನ್, ನನ್ನ ಬ್ಲೇಡು, ನನ್ನ ತಾಳ್ಮೆ. ಅಯಸ್ಕಾಂತ ಆಡಿಸಿ, ಸಣ್ಣ ಮೆಟಲ್ ಡಿಟೆಕ್ಟರ್ ಸವರಿ, ಮೊಳೆ ಕಿತ್ತು ಆಮೇಲೆ ಕೊಡುತ್ತೇನೆ. ಹೊಸ ಸಾಗುವಾನಿ ನನಗೆ ಸಿಎಫ್‌ಟಿಗೆ 4,200 ಬಿದ್ದಿತ್ತು, ಹಳೆಯದು 2,600ಕ್ಕೆ ಸಿಕ್ಕಿತು. ಮೊಳೆತೂತು, ಬಿರುಕು ಎಂದು ನಾಲ್ಕರಲ್ಲೊಂದು ಪಾಲು ಎಸೆದರೂ ಹಳೆಯದರ ಅಸಲು 3,467. ಸಿಎಫ್‌ಟಿಗೆ 733 ಉಳಿತಾಯ. ವರ್ಷಕ್ಕೆ 6 ಸಿಎಫ್‌ಟಿ ಹಳೇ ಮರ ಬಳಸಿದರೆ 4,400. ಕಳೆದದ್ದು ಕಳೆದು 2,650 ಕೈಯಲ್ಲಿ.

ಸಿಎಫ್‌ಟಿ ಅಂದರೆ ಘನ ಅಡಿ, ಗಾಬರಿ ಬೇಡ. ದಪ್ಪ ಇಂಚಿನಲ್ಲಿ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿ. ಒಂದೂವರೆ ಇಂಚು ದಪ್ಪ, 8 ಇಂಚು ಅಗಲ, 7 ಅಡಿ ಉದ್ದದ ಹಲಗೆ 0.58 ಸಿಎಫ್‌ಟಿ. ಇಂಚಿನ ಹಲಗೆಯನ್ನು ಮುಕ್ಕಾಲಿಂಚಿಗೆ ಇಳಿಸಿದರೆ ಕಾಲು ಪಾಲು ಮರ ಹೊಟ್ಟಿನ ಚೀಲಕ್ಕೆ ಹೋಗುತ್ತದೆ ಎನ್ನುವುದೂ ನೆನಪಿರಲಿ. 4,200ರ ಮರದಲ್ಲಿ ಅದು 1,050 ರೂಪಾಯಿ. ಮನೆಯಲ್ಲಿ ಮೆಷಿನ್ ಇದ್ದರೆ ಮಟ್ಟವಾದ ಕೂಡಲೇ ನಿಲ್ಲಿಸಬಹುದು. ನನ್ನ ಕಪಾಟಿನ ಹಲಗೆಗಳು ಈಗ 22 ಮಿಲಿಮೀಟರ್.

ತೊಂದರೆಗಳೂ ಇವೆ. ಹಲಗೆಯ ಎರಡೂ ತುದಿಯಲ್ಲಿ ಎರಡಿಂಚು ಜಾಗ ಚೂರು ಹೆಚ್ಚು ಕೆತ್ತುತ್ತದೆ, ಅಷ್ಟು ಉದ್ದ ಮೊದಲೇ ಬಿಟ್ಟುಕೊಳ್ಳಬೇಕು. ಹಲಸಿನ ಮರದ ಎಳೆ ಎದುರುಬದುರು ಹೆಣೆದುಕೊಂಡಿರುವುದರಿಂದ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಕೊಟ್ಟರೆ ಚಕ್ಕೆ ಏಳುತ್ತದೆ. ಸದ್ದು ಮಾತ್ರ ಭಯಂಕರ. ಎದುರು ಮನೆಯ ಅಜ್ಜಿಯ ಜೊತೆ ಒಪ್ಪಂದವಾಗಿದೆ, ಭಾನುವಾರ 11ರಿಂದ 1ರವರೆಗೆ ಮಾತ್ರ. ಪ್ರತಿಯಾಗಿ ಅವರಿಗೊಂದು ಮಣೆ ಮಾಡಿಕೊಟ್ಟಿದ್ದೇನೆ.

ವರ್ಷಕ್ಕೆ ಒಂದೆರಡು ಪೀಠೋಪಕರಣ, ಅದೂ ಹೊಸ ಮರದಲ್ಲಿ ಮಾಡುವವರಾದರೆ ಮೆಷಿನ್ ಬೇಡ, ಸಾಮಿಲ್ಲಿಗೇ ಹೋಗಿ. ಕೊಳ್ಳಲೇಬೇಕು ಎನ್ನುವವರು ಥಿಕ್‌ನೆಸರ್ ಒಂದನ್ನೇ ಕೊಳ್ಳಿ. ಅದಕ್ಕೂ ಮುಂಚೆ ಬ್ಲೇಡಿನ ಅಂಗಡಿಗೆ ಫೋನ್ ಮಾಡಿ ಆ ಮಾದರಿಯ ಬ್ಲೇಡು ಇವತ್ತು ಸ್ಟಾಕಿನಲ್ಲಿದೆಯೇ ಎಂದು ಕೇಳಿ. ಮೆಷಿನ್ ನೋಡಲು ಹೋಗುವಾಗ ಮೂರಡಿಯ ಹಲಗೆ, ನೆಟ್ಟಗಿನ ಅಲ್ಯೂಮಿನಿಯಂ ಪಟ್ಟಿ, ಒಂದು ಬಸ್ ಟಿಕೆಟ್ ಜೊತೆಗಿರಲಿ. ಮಾರುವವನು ನಿಮ್ಮ ಹಲಗೆ ಓಡಿಸಲು ಒಪ್ಪದಿದ್ದರೆ ಅದೇ ಟಿಕೆಟ್ಟಿನ ಬಸ್ಸು ಹಿಡಿದು ಮನೆಗೆ ಬನ್ನಿ.